ಗಂಡ ಹೊಡೆದರೆ ಸಭೆಯವರು ಮಾಡಿಸುವ ರಾಜಿ: ದಾವಣಗೆರೆ, ಚಿತ್ರದುರ್ಗದ ಕ್ರೈಸ್ತರು ಒಂದಿಷ್ಟು ಬಾಯಿ ಬಿಟ್ಟು ಮಾತಾಡೋಣ

ನಿಟುವಳ್ಳಿ ಅಕ್ಕ

ಯಾವ ಸಭೆ, ಅಂದರೆ ಯಾವ ಚರ್ಚು, ಯಾರ ಮನೆ ಅಂತ ಕೇಳಬೇಡಿ, ಹೇಳಲ್ಲ. ನಮ್ಮ ಸ್ತ್ರೀಯರ ಕೂಟಕ್ಕೆ ಬರುವ ಒಬ್ಬ ಹುಡುಗಿ. ಸಣ್ಣ ಮಗು ಇದೆ. ಗಂಡ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತಾನೆ, ಯುವಕರ ಕೂಟಕ್ಕೆ ಮುಂದಾಳು. ಮನೆಯಲ್ಲಿ ಹೊಡೆತ. ಕುಡಿಯೋದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಕೇಳೋದು ಅದನ್ನೇ.

ಕಳೆದ ಸಲ ಸಭೆಯ ಹಿರಿಯರು ರಾಜಿ ಮಾಡಿಸಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಅವನ ಕಡೆ ಅಪ್ಪ, ಅಮ್ಮ, ಸೋದರಮಾವ. ಇವಳ ಕಡೆ ತಾಯಿ ಒಬ್ಬರೇ. ಕೂಟದ ಪರವಾಗಿ ನಾನು ಬಾಗಿಲ ಹತ್ತಿರ ಕೂತಿದ್ದೆ. ಮೊದಲ ಪ್ರಶ್ನೆ ಅವಳಿಗೇ: "ಅವನು ಕೈ ಎತ್ತೋ ಹಂಗ ನೀನು ಏನಂದಿಯಮ್ಮ?" ಪಾಪ, ಅವಳು ಸಾರಿಗೆ ಉಪ್ಪು ಜಾಸ್ತಿಯಾಗಿದ್ದು, ತವರಿಗೆ ಫೋನ್ ಮಾಡಿದ್ದು, ಎದುರುತ್ತರ ಕೊಟ್ಟಿದ್ದು ಎಲ್ಲ ಒಪ್ಪಿಸುತ್ತಾ ಹೋದಳು. ಅವಳ ನಾಲಿಗೆಯ ವಿಚಾರಣೆಯೇ ಅರ್ಧ ಗಂಟೆ ಆಯಿತು. ಅವನಿಗೆ ಕೇಳಿದ್ದು ಒಂದೇ ಮಾತು, "ಇನ್ನ ಮ್ಯಾಲೆ ಮಾಡಲ್ಲ ತಾನೆ?" ಅವನು ಬಿಕ್ಕಿ ಬಿಕ್ಕಿ ಅತ್ತ. ಹಿರಿಯರೂ ಕರಗಿಹೋದರು. ಬಿಳಿ ಹಾಳೆಯ ಮೇಲೆ ಇಬ್ಬರ ಸಹಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ, ಆಮೇಲೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ. ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋದರು. ಆ ಕೋಣೆಯಲ್ಲಿ ಅವಳು ಏನೇನು ಬಾಯಿ ಬಿಟ್ಟಿದ್ದಳೋ ಅದಕ್ಕೆಲ್ಲ ಅವತ್ತು ರಾತ್ರಿಯೇ ತೀರಿಸಿಕೊಂಡ.

ಈಗ ಮತ್ತೆ ಕರೆದಿದ್ದಾರೆ. ಹೊಡೆದವನನ್ನೂ ಪೆಟ್ಟು ತಿಂದವಳನ್ನೂ ಎದುರುಬದುರು ಕೂರಿಸಿ ಪಂಚಾಯ್ತಿ ಮಾಡೋದನ್ನು ನಿಲ್ಲಿಸಿ ಅಂತ ನಾನು ಹೇಳಿದೆ. ಮೊದಲು ಅವಳೂ ಮಗುವೂ ಬೇರೆ ಕಡೆ ನೆಮ್ಮದಿಯಾಗಿರಲಿ. ಪ್ರಾರ್ಥನೆ, ಬುದ್ಧಿವಾದ, ಕೌನ್ಸೆಲಿಂಗ್ ಎಲ್ಲ ಆಮೇಲೆ. "ಅಕ್ಕಾ, ನೀವು ಸಂಸಾರ ಒಡೆಯೋಕೆ ನಿಂತಿದ್ದೀರಿ" ಅಂದರು. ನಿಮ್ಮ ನಿಮ್ಮ ಸಭೆಗಳಲ್ಲಿ ಏನು ಮಾಡುತ್ತಾರೆ, ಹೇಳಿ.

ದುರ್ಗದ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, ನಮ್ಮ ಸಭೆಯಲ್ಲಿ ಹಿರಿಯನೂ ಹೌದು. ಹೊಡೆತವನ್ನು ನಾನು ಸಮರ್ಥಿಸಲಾರೆ. ಆದರೆ ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು ಎಂದು ಮತ್ತಾಯ 19ರಲ್ಲಿ ಯೇಸುವೇ ಹೇಳಿದ್ದಾನಲ್ಲ. ಒಂದು ಸಲ ಠಾಣೆಯ ಮೆಟ್ಟಿಲು ಹತ್ತಿದ ಸಂಸಾರ ತಿರುಗಿ ಒಂದಾಗಿದ್ದನ್ನು ನಾನು ಕಂಡಿಲ್ಲ. ಹಿರಿಯರು ಕೂತು ಸರಿಮಾಡಿದ ಮನೆಗಳು ಕಣ್ಣೆದುರಿಗೇ ಇವೆ, ಮೊಮ್ಮಕ್ಕಳನ್ನೂ ಕಂಡಿದ್ದಾರೆ. ಎರಡೂ ಕಡೆಯ ಮಾತು ಕೇಳದೆ ತೀರ್ಮಾನ ಮಾಡುವುದು ನ್ಯಾಯವೇ?

ಪಿ.ಬಿ. ರೋಡ್ ಪಯಣಿಗ

ಮೇಷ್ಟ್ರೇ, ಕೂಡಿಸಿದ್ದು ದೇವರು, ಒಪ್ಪಿದೆ. ಬೆಲ್ಟು ಬಿಚ್ಚಿದ್ದು ಯಾರು?

ವಕೀಲಮ್ಮ

ಕೋರ್ಟಿನಲ್ಲಿ ಇಂಥ ಪ್ರಕರಣ ನೋಡುವವಳು, ಕ್ರೈಸ್ತಳೂ ಹೌದು. ಅಕ್ಕ ಬರೆದ ಆ ಮೊದಲ ಪ್ರಶ್ನೆ ಇದೆಯಲ್ಲ, "ನೀನು ಏನಂದಿಯಮ್ಮ", ಅದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ.

2005ರ ಕೌಟುಂಬಿಕ ಹಿಂಸೆ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ಜೊತೆಗೆ ಬಂದ ನಿಯಮಗಳಲ್ಲಿ 14ನೆಯದು ಕೋರ್ಟು ನೇಮಿಸುವ ಕೌನ್ಸೆಲರ್ ಹೇಗೆ ನಡೆದುಕೊಳ್ಳಬೇಕು ಅನ್ನುವುದು. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಎಂದು ಗಂಡ ಮುಚ್ಚಳಿಕೆ ಬರೆದುಕೊಡಬೇಕು. ತಾನು ಹೊಡೆದದ್ದಕ್ಕೆ ಆ ಮಾತುಕತೆಯಲ್ಲಿ ಯಾವ ಸಮರ್ಥನೆಯನ್ನೂ ಕೊಡುವಂತಿಲ್ಲ, ಕೊಡುವಂತಿಲ್ಲ ಎಂಬುದನ್ನು ಶುರುವಿಗೆ ಮುಂಚೆಯೇ ಅವನಿಗೆ ತಿಳಿಸಿರಬೇಕು. ಸಾರಿನ ಉಪ್ಪಿನ ಮಾತು ಅಲ್ಲಿ ಎತ್ತುವ ಹಾಗೇ ಇಲ್ಲ. ಮೇಷ್ಟ್ರೇ, ಎರಡೂ ಕಡೆಯ ಮಾತು ಕೇಳುವುದು ನ್ಯಾಯವೇ ಸರಿ. ಆದರೆ ಹೊಡೆತಕ್ಕೆ ಕಾರಣ ಹುಡುಕುವುದನ್ನು ಸರ್ಕಾರದ ನಿಯಮವೇ ಬೇಡ ಅಂದಿರುವಾಗ ನಮ್ಮ ಹಿಂದಿನ ಕೋಣೆಯಲ್ಲಿ ಅದೇ ಮೊದಲ ಪ್ರಶ್ನೆಯಾಗುವುದು ನನಗಂತೂ ನಾಚಿಕೆ.

ಈ ಕಾಯ್ದೆಗೆ ಜಾತಿ ಧರ್ಮದ ಭೇದವಿಲ್ಲ. ಹೊಡೆತ ಮಾತ್ರವಲ್ಲ; ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು, ಸಂಬಳ ಕಿತ್ತುಕೊಳ್ಳುವುದು, ಲೈಂಗಿಕ ಬಲಾತ್ಕಾರ ಎಲ್ಲವೂ ಹಿಂಸೆಯೇ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಪೊಲೀಸ್ ಠಾಣೆಗೆ ಹೆದರುವವರು ಆ ಕಚೇರಿಗೆ ಹೋಗಬಹುದು. ಅವರು ನಡೆದ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹತ್ತಿರ ಬರಬಾರದು, ಫೋನ್ ಮಾಡಬಾರದು ಎಂಬ ಆದೇಶ, ಮನೆಯಿಂದ ಹೊರಹಾಕಬಾರದು ಎಂಬ ಆದೇಶ, ಖರ್ಚು, ಮಗುವಿನ ತಾತ್ಕಾಲಿಕ ಸುಪರ್ದಿ ಇವನ್ನೆಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಗಂಡನ ಹೆಸರಿನಲ್ಲಿರಲಿ, ಮಾವನ ಹೆಸರಿನಲ್ಲಿರಲಿ, ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದು ಪುಸ್ತಕದ ಮಾತು, ನಿಜದಲ್ಲಿ ಎಳೆಯುತ್ತದೆ. ಆದರೆ 23ನೇ ಕಲಮಿನಡಿ ಮಧ್ಯಂತರ ಆದೇಶ ಬೇಗ ಸಿಗುವುದುಂಟು, ಅದನ್ನು ಬಿಡದೆ ಕೇಳಿ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು.

ದೂರನ್ನು ಅವಳೇ ಕೊಡಬೇಕೆಂದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 4ನೇ ಕಲಂ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಬೀಳುವುದಿಲ್ಲ. ಪಾಸ್ಟರ್ ಕೊಡಬಹುದು, ನಿಟುವಳ್ಳಿ ಅಕ್ಕನೂ ಕೊಡಬಹುದು.

ಹರಿಹರದವಳು

ನಾನು ಕಥೋಲಿಕಳು. ನನ್ನ ಕಥೆ ಉದ್ದ ಮಾಡಲ್ಲ. ಮದುವೆಯಾಗಿ ಹೋದದ್ದು ಬೇರೆ ಜಿಲ್ಲೆಗೆ. ಅಲ್ಲಿನ ಗುರುಗಳ ಹತ್ತಿರ ಪಾಪನಿವೇದನೆಯಲ್ಲಿ (ಕನ್ಫೆಷನ್) ಹೇಳಿಕೊಂಡೆ. "ನಿನ್ನ ಶಿಲುಬೆ, ತಾಳ್ಮೆಯಿಂದ ಹೊರು ಮಗಳೇ" ಅಂದರು. ಹೊತ್ತೆ. ಎಡಗಿವಿ ಈಗಲೂ ಸರಿಯಾಗಿ ಕೇಳಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಇದನ್ನು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಹೇಳಬೇಡಿ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವ ಹಾಗಿಲ್ಲ, ಅದರ ಮೇಲೆ ಹೊರಗೆ ಏನೂ ಮಾಡುವ ಹಾಗೂ ಇಲ್ಲ. ಹೊಡೆಸಿಕೊಳ್ಳುವುದು ನಮ್ಮ ಪಾಪವೂ ಅಲ್ಲವಲ್ಲ. ಹಗಲು ಹೊತ್ತು ಗುರುಗಳ ಕಚೇರಿಗೆ ಹೋಗಿ, ಸಿಸ್ಟರ್ ಒಬ್ಬರನ್ನು ಜೊತೆಗೆ ಕರೆದುಕೊಂಡು, ಕುರ್ಚಿಯ ಮೇಲೆ ಕೂತು ಹೇಳಿ.

ಎರಡನೆಯದು, ಪ್ರಸಾದದ (ಕಮ್ಯುನಿಯನ್) ಭಯ. "ಗಂಡನ್ನ ಬಿಟ್ಟು ಬಂದ್ಯಲ್ಲ, ಇನ್ನು ಪರಮಪ್ರಸಾದ ಇಲ್ಲ" ಅಂತ ನನ್ನತ್ತೆ ಹೆದರಿಸಿದ್ದರು, ನಾನೂ ನಂಬಿಕೊಂಡು ಎಷ್ಟೋ ಕಾಲ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲೇ ಉಳಿದೆ. ಶುದ್ಧ ಸುಳ್ಳು. ಬೇರೆ ಇರುವವರಿಗಾಗಲಿ, ಕೋರ್ಟಿನಲ್ಲಿ ವಿಚ್ಛೇದನ ಪಡೆದು ಮರುಮದುವೆ ಆಗದವರಿಗಾಗಲಿ ಪ್ರಸಾದಕ್ಕೆ ತಡೆಯಿಲ್ಲ ಅಂತ ಎರಡನೇ ಜಾನ್ ಪಾಲ್ ಪಾಪುಸ್ವಾಮಿಗಳು 1981ರಲ್ಲೇ ಬರೆದಿದ್ದಾರೆ. ಧರ್ಮಸಭೆಯ ಕಾನೂನಿನ 1153ನೇ ವಿಧಿ ಇನ್ನೂ ಸ್ಪಷ್ಟ: ಸಂಗಾತಿಯಿಂದ ಆತ್ಮಕ್ಕೋ ದೇಹಕ್ಕೋ, ಮಕ್ಕಳಿಗೋ ದೊಡ್ಡ ಅಪಾಯವಿದ್ದರೆ ಬಿಟ್ಟು ಬರಲು ಅದು ನ್ಯಾಯವಾದ ಕಾರಣ. ಬಿಷಪರ ಅಪ್ಪಣೆಯಿಂದ ಬರಬಹುದು. ತಡ ಮಾಡಿದರೆ ಅಪಾಯ ಅನ್ನುವಾಗ ತಾನೇ ತೀರ್ಮಾನ ಮಾಡಿ ಹೊರಡಬಹುದು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದಾಗ, ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯ ಅನ್ನುವ ಮಟ್ಟಕ್ಕೆ ಹೋದರು. ನಮ್ಮ ಮದುವೆ ತಯಾರಿ ಶಿಬಿರದಲ್ಲಿ ಕುಟುಂಬ ಯೋಜನೆಯಿಂದ ಹಿಡಿದು ಜಪಸರದವರೆಗೆ ಎಲ್ಲ ಹೇಳಿಕೊಟ್ಟರು. ಈ ವಿಧಿ ಒಂದನ್ನು ಯಾರೂ ಹೇಳಲಿಲ್ಲ.

ದುರ್ಗದ ಮೇಷ್ಟ್ರು

ಅಮ್ಮಾ, ನಿಮ್ಮ ನೋವು ಅರ್ಥವಾಯಿತು. ಹೊಡೆತ ತಿನ್ನುತ್ತಾ ಇರು ಎಂದು ನಾನು ಯಾರಿಗೂ ಹೇಳಿಲ್ಲ. ಆದರೆ ನಮ್ಮದು ಕಥೋಲಿಕ ಸಭೆಯಲ್ಲ, ನಮಗೆ ಸತ್ಯವೇದವೇ ಪ್ರಮಾಣ. ಎಫೆಸದವರಿಗೆ ಬರೆದ ಪತ್ರದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಪೌಲನು ಬರೆದಿರುವುದನ್ನು ಅಳಿಸಿಹಾಕಲು ಬರುವುದಿಲ್ಲ.

ನಿಟುವಳ್ಳಿ ಅಕ್ಕ

ಅಳಿಸೋದು ಬೇಡ ಮೇಷ್ಟ್ರೇ, ಪೂರ್ತಿ ಓದೋಣ. 22ನೇ ವಚನ ಬಾಯಿಪಾಠ ಬರುವ ನಮ್ಮ ಗಂಡಸರಿಗೆ 21 ಮತ್ತು 25 ಬರೋದೇ ಇಲ್ಲ. 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತಿದೆ. 25ರಲ್ಲಿ ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಗಂಡ ಪ್ರೀತಿಸಬೇಕು ಅಂತಿದೆ. ಕೊಲೊಸ್ಸೆಯವರ ಪತ್ರ 3:19ರಲ್ಲಿ ಹೆಂಡತಿಗೆ ನಿಷ್ಠುರವಾಗಿರಬೇಡ ಅಂತ ನೇರವಾಗಿಯೇ ಇದೆ. ಒಂದನೇ ಪೇತ್ರ 3:7ರಲ್ಲಿ ಹೆಂಡತಿಗೆ ಮಾನ ಕೊಡದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ ಅಂತ. ಆ ಹುಡುಗ ಪ್ರತಿ ಭಾನುವಾರ ಕೀಬೋರ್ಡ್ ಮುಂದೆ ಕಣ್ಣು ಮುಚ್ಚಿ ಆರಾಧಿಸುತ್ತಾನೆ, ನಾವೆಲ್ಲ ಕೈ ಎತ್ತುತ್ತೇವೆ. ಪೇತ್ರನ ಪ್ರಕಾರ ಆ ಪ್ರಾರ್ಥನೆ ಎಲ್ಲಿಗೆ ಹೋಗುತ್ತೆ ಅಂತ ಹಿರಿಯರ ಸಭೆಯಲ್ಲಿ ಒಬ್ಬರಾದರೂ ಕೇಳಿದ್ದಾರಾ?

ಇನ್ನೊಂದು. ನಮ್ಮ ಸಭೆಯಲ್ಲಿ ಅನ್ಯಜಾತಿ ಮದುವೆಯಾದ ಹುಡುಗನನ್ನು ಕಮಿಟಿಯಿಂದ ತೆಗೆದಿದ್ದಾರೆ, ಚಂದಾ ಬಾಕಿ ಇಟ್ಟವರ ಓಟು ತೆಗೆದಿದ್ದಾರೆ. ಹೆಂಡತಿಗೆ ಹೊಡೆದವನನ್ನು ಒಂದು ತಿಂಗಳು ಕೀಬೋರ್ಡಿನಿಂದ ದೂರ ಇಡೋಕೆ ಮಾತ್ರ "ಅವನ ಕೃಪಾವರಕ್ಕೆ ಅಡ್ಡಿ ಮಾಡಬಾರದು" ಅಂತಾರೆ.

ಕೆ.ಟಿ.ಜೆ. ನಗರ ಯುವಕ

ಎಲ್ಲ ಹೆಂಗಸರ ಪರವೇ ಮಾತಾಡ್ತಿದ್ದೀರಿ. ಸುಳ್ಳು ಕೇಸು ಎಷ್ಟಿವೆ ಗೊತ್ತಾ? ನಮ್ಮ ಕ್ರೈಸ್ತರಲ್ಲಿ ಇದೆಲ್ಲ ಕಡಿಮೆನೇ ಬಿಡ್ರಿ. ಸುಮ್ನೆ ಬೇರೆಯವರ ಮುಂದೆ ನಮ್ಮ ಮಾನ ಹರಾಜು.

ವಕೀಲಮ್ಮ

ತಮ್ಮಾ, ಸುಳ್ಳು ಕೇಸು ಬೀಳುವುದುಂಟು, ಕೋರ್ಟು ವಜಾ ಮಾಡುವುದೂ ಉಂಟು. ನಿಜವಾದದ್ದು ಕೋರ್ಟಿನವರೆಗೆ ಬರುವುದೇ ಅಪರೂಪ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಕಂಡವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇತ್ತು. ಇದು ನಮ್ಮ ಬಾಗಿಲಿಗೆ ಬಂದು ಶಿಲುಬೆ ನೋಡಿ ವಾಪಸ್ ಹೋಗಿರುತ್ತೆ ಅಂತೀಯಾ?

ಜಿಲ್ಲಾಸ್ಪತ್ರೆ ನರ್ಸ್

ಇವತ್ತು ಡ್ಯೂಟಿ, ಬೇಗ ಬರೆದು ಹೋಗ್ತೀನಿ. "ಬಚ್ಚಲದಾಗ ಜಾರಿ ಬಿದ್ದೆ ಸಿಸ್ಟರ್" ಅಂತ ಬರೋರನ್ನ ದಿನಾ ನೋಡ್ತೀವಿ. ಜಾರಿ ಬಿದ್ದರೆ ಅಂಗೈ, ಮಂಡಿ ತರಚುತ್ತೆ. ಮುಖಕ್ಕೆ ಅಡ್ಡ ಹಿಡಿದ ಮುಂಗೈ ಹೊರಬದಿಗೆ ಬಾಸುಂಡೆ ಬರಲ್ಲ, ಕಿವಿ ಹಿಂದೆ ನೀಲಿಗಟ್ಟಲ್ಲ. ಗಂಡ ಪಕ್ಕದಲ್ಲೇ ನಿಂತಿದ್ದರೆ ನಾವು "ಇಂಜೆಕ್ಷನ್ ಕೊಡಬೇಕು, ಹೊರಗಿರ್ರಿ" ಅಂತ ಕಳಿಸಿ ಕೇಳ್ತೀವಿ. ನಿಜ ಹೇಳಿ ಎಂಎಲ್‌ಸಿ ಮಾಡಿಸ್ರಿ, ಅಂದ್ರೆ ಪೆಟ್ಟಿನ ಕಾನೂನು ದಾಖಲೆ, ಆ ಕಾಗದ ಮುಂದೆ ಕೋರ್ಟಿನಲ್ಲಿ ಮಾತಾಡುತ್ತೆ. ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗೋ ಸರ್ಕಾರದ ಸಖಿ ಒನ್ ಸ್ಟಾಪ್ ಸೆಂಟರ್ ಸಾಮಾನ್ಯವಾಗಿ ಜಿಲ್ಲಾಸ್ಪತ್ರೆ ಆವರಣದಲ್ಲೋ ಹತ್ತಿರದಲ್ಲೋ ಇರುತ್ತೆ, ಕೆಲವು ದಿನ ಉಳಿಯೋಕೂ ಜಾಗ ಕೊಡ್ತಾರೆ. ರಾತ್ರಿ ಆದರೆ ಮಹಿಳಾ ಸಹಾಯವಾಣಿ 181, ಇಲ್ಲಾಂದ್ರೆ ತುರ್ತು ನಂಬರ್ 112.

ಜಗಳೂರು ಕಡೆ ಪಾಸ್ಟರ್

ಕರ್ತನ ನಾಮದಲ್ಲಿ ವಂದನೆ. ನನ್ನದು ಸಣ್ಣ ಸಭೆ, ಶೀಟಿನ ಹಾಲ್. ಪಾಸ್ಟರುಗಳು ಯಾಕೆ ಹಿಂಜರಿಯುತ್ತಾರೆ ಅನ್ನುವುದನ್ನು ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

2022ರಲ್ಲಿ ಮತಾಂತರ ಕಾಯ್ದೆ ಬಂದ ಮೇಲೆ ನಮ್ಮಂಥವರಿಗೆ ಪೊಲೀಸ್ ಅಂದರೆ ಎದೆ ಝಲ್ ಅನ್ನುತ್ತದೆ. ಹೆಂಡತಿ ದೂರು ಕೊಡಲು ಹೋದರೆ "ನಿಮ್ಮ ಮದುವೆ ಮಾಡಿಸಿದವರು ಯಾರು, ನೀವು ಯಾವಾಗ ಈ ಕಡೆ ಬಂದಿರಿ" ಎಂಬ ಪ್ರಶ್ನೆ ಮೊದಲು ಬಂದೀತು ಅನ್ನುವ ಹೆದರಿಕೆ. ಗಂಡಂದಿರಿಗೂ ಇದು ಗೊತ್ತು. ಒಬ್ಬ ನನ್ನ ಮುಖಕ್ಕೇ ಅಂದ, "ಹೋಗಲಿ ಬಿಡ್ರಿ ಪಾಸ್ಟರೇ ಸ್ಟೇಷನ್ನಿಗೆ, ಮೊದಲು ಮುಚ್ಚೋದು ನಿಮ್ಮ ಹಾಲೇ."

ಅದಕ್ಕಿಂತ ದೊಡ್ಡದು ಜಾತಿ ಸರ್ಟಿಫಿಕೇಟ್. ನಮ್ಮಲ್ಲಿ ಬಹುಪಾಲು ಪರಿಶಿಷ್ಟ ಜಾತಿಯಿಂದ ಬಂದ ಕುಟುಂಬಗಳು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನ. ಕೋರ್ಟಿನ ಅರ್ಜಿಯಲ್ಲಿ "ಕ್ರೈಸ್ತ" ಎಂದು ಬರೆದರೆ ಮಗನ ಹಾಸ್ಟೆಲ್ ಸೀಟು, ಮಗಳ ವಿದ್ಯಾರ್ಥಿವೇತನ ಹೋದೀತು ಎಂದು ತಾಯಿಯೇ ಬಾಯಿ ಮುಚ್ಚಿಕೊಂಡು ಹೊಡೆತ ತಿನ್ನುತ್ತಾಳೆ. ಇದನ್ನು ನಂಬಿಕೆಯ ತಾಳ್ಮೆ ಎಂದು ಪೀಠದಿಂದ ಹೊಗಳುವುದು ನನಗೆ ಸೇರುವುದಿಲ್ಲ.

ನಾನು ಇಬ್ಬರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಹೆಂಗಸಿನ ಹತ್ತಿರ ನನ್ನ ಹೆಂಡತಿ ಮಾತಾಡುತ್ತಾಳೆ, ಅದೂ ಬಟ್ಟೆ ಒಗೆಯುವಲ್ಲೋ ಹೊಲದ ಹತ್ತಿರವೋ, ಗಂಡನಿಗೆ ಅನುಮಾನ ಬರದ ಹಾಗೆ. ಗಂಡನ ಹತ್ತಿರ ನಾನು, ಬೇರೆ ದಿನ. ಅವನ ಸಾಕ್ಷಿಯನ್ನು, ಅಂದರೆ ದೇವರು ನನ್ನನ್ನು ಬದಲಾಯಿಸಿದ ಎಂಬ ಮಾತನ್ನು, ಸಭೆಯ ಮುಂದೆ ಹೇಳಿಸುವುದಿಲ್ಲ. ಅತ್ತು ಸಾಕ್ಷಿ ಹೇಳುತ್ತಾನೆ, ಜನ ಹಲ್ಲೆಲೂಯ ಅನ್ನುತ್ತಾರೆ, ಹೆಂಡತಿಯನ್ನು ಮುಂದೆ ಕರೆದು ಕೈ ಹಿಡಿಸುತ್ತಾರೆ. ಅಷ್ಟು ಜನರ ಮುಂದೆ ಅವಳು ಇಲ್ಲ ಅನ್ನೋದಾದರೂ ಹೇಗೆ? ದುರಾತ್ಮ ಬಿಡಿಸುತ್ತೇನೆ ಅಂತಲೂ ನಾನು ಹೋಗುವುದಿಲ್ಲ. ದುರಾತ್ಮವೇ ಆಗಿದ್ದರೆ ಅದು ಸಾಹುಕಾರನ ಮುಂದೂ ಕೈ ಎತ್ತಬೇಕಿತ್ತು, ಹೆಂಡತಿಯ ಮುಂದೆ ಮಾತ್ರ ಯಾಕೆ?

ಪಿ.ಬಿ. ರೋಡ್ ಪಯಣಿಗ

ಅಯ್ನೋರೆ, ನಿಮ್ಮ ಸಭೆ ಎಲ್ಲಿ ಅಂತ ಹೇಳಿ, ಬಸ್ ಹತ್ತಿ ಬರ್ತೀನಿ. ನಮ್ಮಲ್ಲಿ ಗುರುವಾರ ಕಪ್ಪು ಬಟ್ಟೆ ಅಭಿಯಾನ ಅಂತ ಮಾಡಿದ್ವು, ಹೆಣ್ಣುಮಕ್ಕಳ ಮೇಲಿನ ಹಿಂಸೆ ವಿರೋಧಿಸಿ ಲೋಕದ ಸಭೆಗಳೆಲ್ಲ ಮಾಡೋದು. ಎಲ್ಲರೂ ಕಪ್ಪು ಸೀರೆ, ಕಪ್ಪು ಶರ್ಟು, ಗ್ರೂಪ್ ಫೋಟೊ. ಫೋಟೊ ತೆಗೆದದ್ದು ಯಾರು ಅಂತ ಮಾತ್ರ ಕೇಳಬೇಡಿ. ಅವರ ಮನೆಯವರು ಅವತ್ತು ಬಂದಿರಲಿಲ್ಲ, ಕಣ್ಣು ಊದಿತ್ತಂತೆ.

ದುರ್ಗದ ಮೇಷ್ಟ್ರು

ಪಾಸ್ಟರ್ ಬರೆದದ್ದನ್ನು ಎರಡು ಸಲ ಓದಿದೆ. ಬೇರೆ ಬೇರೆಯಾಗಿ ಮಾತಾಡಿಸುವುದಕ್ಕೆ ನನ್ನ ಅಭ್ಯಂತರವಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಅವನು ನಿಜವಾಗಿಯೂ ಪಶ್ಚಾತ್ತಾಪ ಪಟ್ಟರೆ? ಏಳೆಪ್ಪತ್ತು ಸಲ ಕ್ಷಮಿಸು ಎಂದವನ ಶಿಷ್ಯರು ನಾವು.

ಹರಿಹರದವಳು

ಮೇಷ್ಟ್ರೇ, ನಾನು ಕ್ಷಮಿಸಿದ್ದೇನೆ. ಆರೋಗ್ಯಮಾತೆಯ ಹಬ್ಬಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಅವನ ಹೆಸರಿನಲ್ಲೂ ಮೇಣದಬತ್ತಿ ಹಚ್ಚುತ್ತೇನೆ. ಅವನ ಮನೆಗೆ ಹೋಗಿ ಹಚ್ಚಲ್ಲ, ಅಷ್ಟೇ. ಪಶ್ಚಾತ್ತಾಪ ಪಟ್ಟವನು ಬೇರೆ ಮನೆಯಲ್ಲಿದ್ದು ಪಡಲಿ. ತಿಂಗಳು ತಿಂಗಳು ಖರ್ಚು ಕಳಿಸಲಿ, ನೋಡೋಣ. ತಪ್ಪೊಪ್ಪಿಕೊಂಡ ಮರುದಿನವೇ "ಈಗಲಾದರೂ ಮನೆಗೆ ಬಾ" ಅನ್ನುವವನ ಪಶ್ಚಾತ್ತಾಪದ ಬಗ್ಗೆ ನನಗೆ ನಂಬಿಕೆ ಇಲ್ಲ.

ಚನ್ನಗಿರಿ ತಂಗಿ

ಎಲ್ಲ ಓದಿದೆ. ಇದು ನನ್ನ ಅಕ್ಕನ ವಿಷಯ. ಅವಳ ಮದುವೆ ಮಾಡಿಸಿದ್ದು ಊರೂರು ತಿರುಗೋ ಒಬ್ಬ ಪ್ರಚಾರಕರು, ಅವರಿಗೆ ಲೈಸೆನ್ಸ್ ಇತ್ತೋ ಇಲ್ಲವೋ ಗೊತ್ತಿಲ್ಲ. ಸರ್ಟಿಫಿಕೇಟ್ ಇಲ್ಲ, ಫೋಟೊ ಮಾತ್ರ ಇದೆ. ಭಾವ ಈಗ "ನೀನು ನನ್ನ ಹೆಂಡತಿ ಅಂತ ಎಲ್ಲೈತಿ ದಾಖಲೆ" ಅಂತಾನೆ. ಅವಳಿಗೆ ವಿಚ್ಛೇದನ ಬೇಡ, ಹೊಡೆಯೋದು ನಿಂತರೆ ಸಾಕು ಅಂತಾಳೆ. ಜಾತಿ ಸರ್ಟಿಫಿಕೇಟಿನ ಭಯ ನಮಗೂ ಇದೆ.

ವಕೀಲಮ್ಮ

ತಂಗಿ, ಅಕ್ಕನಿಗೆ ಧೈರ್ಯ ಹೇಳು. 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಆ ಮದುವೆ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬೇರೆ ವಾದ. ಕೌಟುಂಬಿಕ ಹಿಂಸೆ ಕಾಯ್ದೆಗೆ ಅದು ಅಡ್ಡ ಬರಬೇಕಿಲ್ಲ. ಮದುವೆಯಂಥ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದ ಹೆಂಗಸಿಗೂ ಅದು ರಕ್ಷಣೆ ಕೊಡುತ್ತದೆ. ಮದುವೆ ಫೋಟೊ, ಇಬ್ಬರ ಹೆಸರೂ ಇರುವ ಪಡಿತರ ಚೀಟಿ, ಮಕ್ಕಳ ಜನನ ಪತ್ರ ಇಟ್ಟುಕೊಳ್ಳಿ. ಆ ಕಾಯ್ದೆಯಡಿ ಪರಿಹಾರ ಸಿಗುವುದು ಧರ್ಮದ ಆಧಾರದ ಮೇಲೆ ಅಲ್ಲ, ಹಿಂಸೆಯ ಆಧಾರದ ಮೇಲೆ. ನೀವು ಯಾವ ಧರ್ಮ ಅಂತ ಸಾಬೀತು ಮಾಡುವ ಪ್ರಸಂಗ ಅಲ್ಲಿ ಬರುವುದಿಲ್ಲ. ವಿಚ್ಛೇದನ ಕೇಳಲೇಬೇಕು ಅಂತಲೂ ಇಲ್ಲ.

ಮುಂದೆ ಯಾವತ್ತಾದರೂ ವಿಚ್ಛೇದನ ಬೇಕೆನಿಸಿದರೆ ಅದಕ್ಕೆ 1869ರ ಕಾಯ್ದೆ. 2001ರವರೆಗೆ ಕ್ರೈಸ್ತ ಹೆಂಗಸಿಗೆ ಕ್ರೌರ್ಯ ಒಂದೇ ಸಾಲುತ್ತಿರಲಿಲ್ಲ, ಗಂಡನ ವ್ಯಭಿಚಾರವನ್ನೂ ಜೊತೆಗೆ ಸಾಬೀತು ಮಾಡಬೇಕಿತ್ತು. ನಮ್ಮ ಅತ್ತೆಯಂದಿರ ಕಾಲದವರು ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಭೆಯೊಂದೇ ಕಾರಣವಲ್ಲ, ಕಾನೂನಿನದೂ ಪಾಲಿದೆ. 2001ರ ತಿದ್ದುಪಡಿಯ ಮೇಲೆ ಕ್ರೌರ್ಯ ಒಂದೇ ಸಾಕು. ಕಥೋಲಿಕರು ಒಂದು ಗಮನಿಸಿ: ಧರ್ಮಸಭೆಯ ನ್ಯಾಯಮಂಡಳಿ ಮದುವೆ ಅಸಿಂಧು ಅಂತ ಕೊಟ್ಟ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆ ಇಲ್ಲ, ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಎರಡೂ ಕಡೆ ಬೇರೆ ಬೇರೆಯಾಗಿ ಹೋಗಬೇಕು.

ದುಡ್ಡಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ.

ನಿಟುವಳ್ಳಿ ಅಕ್ಕ

ನಮ್ಮ ಹುಡುಗಿ ತಾಯಿ ಮನೆಗೆ ಬಂದಿದ್ದಾಳೆ, ಮಗು ಜೊತೆಗಿದೆ. ಮಗುವಿನ ಆಧಾರ್, ಲಸಿಕೆ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮದುವೆ ರಿಜಿಸ್ಟರಿನ ನಕಲು ಎಲ್ಲ ತಂದಿದ್ದಾಳೆ. ಒಡವೆ ಅತ್ತೆಯ ಬೀರುವಿನಲ್ಲೇ ಉಳಿಯಿತು, ಅದನ್ನೂ ಅರ್ಜಿಯಲ್ಲಿ ಬರೆಸೋಣ ಅಂದಿದ್ದಾರೆ ವಕೀಲಮ್ಮ. ಹಿರಿಯರ ಎರಡನೇ ರಾಜಿಗೆ ಅವಳು ಹೋಗಲ್ಲ. ಅವಳ ಬದಲು ನಾನೂ ಕೂಟದ ಇನ್ನಿಬ್ಬರೂ ಹೋಗಿ 14ನೇ ನಿಯಮದ ಕನ್ನಡ ಸಾರಾಂಶ ಓದಿ ಹೇಳ್ತೀವಿ, ಕೀಬೋರ್ಡಿನ ವಿಷಯವನ್ನೂ ಎತ್ತುತ್ತೀವಿ. ಮೇಷ್ಟ್ರೇ, ನಿಮ್ಮ ಮಾತಿಗೆ ಆ ಹಿರಿಯರಲ್ಲಿ ಬೆಲೆ ಇದೆ ಅಂತ ಕೇಳಿದ್ದೇನೆ. ದುರ್ಗದಿಂದ ಬೆಳಗಿನ ಬಸ್ಸಿಗೆ ಹೊರಟರೆ ಆರಾಧನೆ ಮುಗಿಯೋ ಹೊತ್ತಿಗೆ ಬಂದುಬಿಡಬಹುದು.

ದುರ್ಗದ ಮೇಷ್ಟ್ರು

ಕೀಬೋರ್ಡಿನ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ. ವಿಚ್ಛೇದನದ ಮಾತು ಬಂದರೆ ನನ್ನ ಅಭಿಪ್ರಾಯ ಬೇರೆಯೇ, ಅದನ್ನು ಅಲ್ಲೂ ಹೇಳುತ್ತೇನೆ. ಒಪ್ಪಿಗೆಯಾದರೆ ಬರುತ್ತೇನೆ.

ನಿಟುವಳ್ಳಿ ಅಕ್ಕ

ಒಪ್ಪಿಗೆ. ಬನ್ನಿ. ಚನ್ನಗಿರಿ ತಂಗಿ, ನೀನು ಸೋಮವಾರ ಅಕ್ಕನ್ನ ಕರಕೊಂಡು ನಿಮ್ಮ ಸಿಡಿಪಿಒ ಕಚೇರಿಗೆ ಹೋಗು. ಒಬ್ಬರೇ ಹೋಗೋಕೆ ಹೆದರಿಕೆಯಾದರೆ ನನಗೆ ಮೆಸೇಜ್ ಹಾಕು, ನಮ್ಮ ಕೂಟದವರು ಒಬ್ಬರು ಚನ್ನಗಿರಿಯಲ್ಲೇ ಇದ್ದಾರೆ, ಜೊತೆಗೆ ಕಳಿಸ್ತೀನಿ. ಭಾವನಿಗೆ ಮುಂಚೆ ಹೇಳಬೇಡಿ.